ಎಡದಿಂದ ಬಲಕ್ಕೆ

ಪುರಸಭೆಯ ಹೊಸ ಕಟ್ಟಡದ ಗೋಡೆಗೆ
ಹಳೇ ಶಿಡ್ಲಘಟ್ಟ ಬೇಕಾಯಿತು.
ಮುಚ್ಚಿಹೋದ ಸ್ಟುಡಿಯೋದ ಅಟ್ಟದಿಂದ
ಅಮಾನುಲ್ಲಾ ಒಂದು ಫೋಟೋ ಇಳಿಸಿಕೊಟ್ಟ,
ರೇಷ್ಮೆಗೂಡಿನ ಚೀಲದಲ್ಲಿ ಸುತ್ತಿ.
ಅದಕ್ಕಿನ್ನೂ ಹುಳುವಿನ ವಾಸನೆ.

ಯಾವ ಬೀದಿ ಇದು?
ಗಾಣದ ಬೀದಿ, ಎಂದರು ಡ್ರಾಯಿಂಗ್ ಮೇಷ್ಟ್ರು, ದೀಪದ ಕಂಬ ನೋಡಿ.
ಅಲ್ಲ, ಪೇಟೆ ಬಾಗಿಲು, ಎಂದರು ಜವಳಿ ಶೆಟ್ಟರು;
ಅವರಜ್ಜನ ಅಂಗಡಿ ಅದರೊಳಗೆ ಇರಲೇಬೇಕು.
ಬೋರ್ಡಿನಲ್ಲಿ ಉಳಿದದ್ದು ‘ಪ್ಪ ಅಂಡ್ ಸನ್ಸ್’ ಅಷ್ಟೇ.
ಈ ಊರಲ್ಲಿ ಅಂಗಡಿ ಇಡದ ಅಪ್ಪ ಯಾರು?

ಕೊನೆಗೆ ನನ್ನನ್ನು ಕರೆದರು.
ಇಪ್ಪತ್ತೊಂಬತ್ತು ವರ್ಷ ವಾಲ್ವು ತಿರುಗಿಸಿದವನು ನಾನು, ಗಂಗುಲಪ್ಪ.
ಊರು ನನಗೆ ಕೆಳಗಿನಿಂದ ಗೊತ್ತು:
ಎಲ್ಲಿ ನಾಲ್ಕಿಂಚು ಮೂರಾಗುತ್ತದೆ,
ಯಾರ ಬಚ್ಚಲಡಿ ಕಳ್ಳ ಪೈಪು ಸೇರುತ್ತದೆ,
ಯಾವ ತಿರುವಿನಲ್ಲಿ ನೀರು ಏದುಸಿರು ಬಿಡುತ್ತದೆ.

ಭೂತಗನ್ನಡಿ ಕೊಟ್ಟರು.
ನಲ್ಲಿ ಉದ್ಘಾಟನೆ.
ಪೇಟದವರು ಏಳು ಜನ, ಕುರ್ಚಿ ಐದು.
ನಡುವೆ ಟೊಪ್ಪಿಗೆಯ ದೊರೆ,
ಬೂಟಿನ ದಾರ ಬಿಚ್ಚಿದೆ, ಯಾರೂ ಹೇಳಿಲ್ಲ.
ಒಬ್ಬ ಹುಡುಗ ಅಲ್ಲಾಡಿ ಎರಡು ತಲೆಯವನಾಗಿದ್ದಾನೆ.
ಕಲ್ಲುಗಂಬದ ಸಿಂಹದ ಬಾಯಿಂದ ನೀರು,
ಆಗಷ್ಟೇ ಗೂಡಿನಿಂದ ಬಿಚ್ಚಿದ ನೂಲಿನ ಹಾಗೆ.

ಹಿಂದೆ ಕೆರೆ ಏರಿಯ ಗೆರೆ. ಚೆಲ್ಲಿದ ನೀರು ಎಡಕ್ಕೆ ಹರಿದಿದೆ.
ಏರಿ ಬೆನ್ನಿಗಿದ್ದು ನೀರು ಎಡಕ್ಕೆ ಓಡುವ ಜಾಗ
ಊರಲ್ಲಿ ಒಂದೇ.
ಹುರುಳಿ ಸಂದು, ಎಂದೆ.
ಮೇಷ್ಟ್ರು ಬರೆದುಕೊಂಡರು. ಟೀ ಬಂತು.

ಗಾಜು ಕೆಳಗಿಡುವ ಮೊದಲು
ಆ ನೀರಿನ ಹಿಂದೆಯೇ ಹೋದೆ, ಅಭ್ಯಾಸ.
ಎಲ್ಲಿ ಹೋಗಿ ನಿಲ್ಲುತ್ತದೆಂದು ನೋಡದೆ
ನನಗೆ ಊಟ ಇಳಿಯುವುದಿಲ್ಲ.

ಎಡ ಮೂಲೆಯಲ್ಲಿ
ನೆಲದ ಮೇಲೆ ನಾಲ್ಕು ಕೊಡ. ಮಣ್ಣಿನವು.
ಒಂದರ ಕಂಠ ಒಡೆದಿದೆ.
ಪಕ್ಕ ಯಾರೂ ಇಲ್ಲ.
ಆಚೆಯಿಂದ ನೆರಳು ಮಾತ್ರ ಒಳಗೆ ಬಂದಿದೆ,
ಸೆರಗು ಹೊದ್ದ ತಲೆ, ಸೊಂಟದ ಮೇಲೆ ಕೈ.
ಫೋಟೋದವನು ಅವರನ್ನು ಹೊರಗಿಟ್ಟ,
ಸೂರ್ಯನಿಗೆ ಹೇಳಲು ಮರೆತ.

ಕಾಯುವ ಕೊಡ ನನಗೆ ಗೊತ್ತು.
ನಮ್ಮಜ್ಜಿ ದ್ಯಾವಮ್ಮ ಹೇಳುತ್ತಿದ್ದಳು:
‘ಯಾರಾನ ಹುಯ್ಯೋಗಂಟ ಕೊಡ ಈಚೆ, ನಾವು ಆಚೆ.
ಮದ್ಯಾನ ಆದ್ರೆ ಮದ್ಯಾನ.’
ಹುಯ್ದವರ ಹೆಸರೂ ಹೇಳುತ್ತಿದ್ದಳು, ಒಂದೇ ಹೆಸರು,
ಗಾಣದ ಮನೆ ತಿಪ್ಪಕ್ಕ, ಅದೂ ಅತ್ತೆ ಮಲಗಿದಾಗ.

ಆ ನೆರಳು ಅಜ್ಜಿಯದೆಂದು ನಾನು ಹೇಳುವುದಿಲ್ಲ.
ಅಜ್ಜಿ ಅಷ್ಟು ಎತ್ತರ ಇರಲಿಲ್ಲ.
ಬಿಸಿಲು ಇಳಿದರೆ, ಹೌದು, ಎಲ್ಲರೂ ಎತ್ತರವೇ.

ಮರುದಿನ ಹುರುಳಿ ಸಂದಿನ ಮೊಬೈಲ್ ಅಂಗಡಿಯಲ್ಲಿ
ಲೀಕು ಇದೆ ಎಂದು ಸುಳ್ಳು ಹೇಳಿ
ಮೆಟ್ಟಿಲಿನ ಚಪ್ಪಡಿ ಎತ್ತಿಸಿದೆ.
ಸಿಕ್ಕಿತು ಕಂಬದ ಬುಡ,
ಮುಚ್ಚಳ ಬಿಗಿದ ತುಕ್ಕು ಪೈಪು.
ಕಿವಿ ಇಟ್ಟೆ. ಏನೂ ಇಲ್ಲ.
ಅಲ್ಲಿಂದ ಎಡಕ್ಕೆ ತೋಳು ಚಾಚಿ ಅಳೆದೆ,
ಫೋಟೋದ ಲೆಕ್ಕಕ್ಕೆ ಆರು ಮಾರು.
ಕೊಡಗಳಿದ್ದ ಜಾಗದಲ್ಲಿ ಪಾನಿಪೂರಿ ಗಾಡಿ,
ನೀಲಿ ಡ್ರಮ್ಮು, ಚೆಂಬು ಮುಳುಗಿಸಿ ತೆಗೆಯುವ ಹುಡುಗ.
ಏನು ಅಳೀತಿದೀಯ ತಾತ, ಎಂದ.
ಹಳೇ ಲೈನು, ಎಂದೆ.

ಕಟ್ಟು ಹಾಕುವವನು ಫೋಟೋ ತಿರುಗಿಸಿ ನೋಡಿದ:
ಎಡಗಡೆ ಎರಡು ಬೆರಳು ಕತ್ತರಿಸಿದರೆ
ದೊರೆ ಸರಿಯಾಗಿ ನಡುವೆ ಬರುತ್ತಾನೆ,
ಖಾಲಿ ಜಾಗ ಅಲ್ಲವೇ ಅದು.
ಬೇಡ, ಚೌಕಟ್ಟೇ ದೊಡ್ಡದು ಮಾಡು, ಎಂದೆ.
ಹೆಚ್ಚಾದ ನೂರೆಂಬತ್ತು ರೂಪಾಯಿ
ನನ್ನ ಜೇಬಿನದು, ಬಿಲ್ಲಿನಲ್ಲಿಲ್ಲ.

ಇನ್ನು ಕೆಳಗೆ ಬರೆಯಬೇಕಾದ ಸಾಲು.
ಮೇಷ್ಟ್ರು ಪೆನ್ನು ತೆಗೆದು
‘ಎಡದಿಂದ ಬಲಕ್ಕೆ’ ಎಂದು ಬರೆದು
ಮೊದಲ ಕುರ್ಚಿಯ ಪೇಟಕ್ಕೆ ಬೆರಳಿಟ್ಟರು.

ಎಡ ಅಲ್ಲಿಂದ ಶುರುವಾಗುವುದಿಲ್ಲ ಮೇಷ್ಟ್ರೇ, ಎಂದೆ.
ಇನ್ನೂ ಎಡಕ್ಕೆ ಬನ್ನಿ.
ಇನ್ನೂ.