ತೃತೀಯ ಭಾಷೆ: ಮೌಖಿಕ

ನಾಳೆ ಹತ್ತೂವರೆಗೆ ನನ್ನ ಸರದಿ. ಹಾಜರಿ ನಂಬರು ಮೂವತ್ತೊಂದು.
ವಾರಿಜಾ ಟೀಚರು ಕೊಟ್ಟ ಐದು ಚಿತ್ರಗಳನ್ನು
ಉರ್ವದ ಸೈಟಿನ ಈ ತಗಡಿನ ಗೋಡೆಗೆ
ಅನ್ನದ ಅಗುಳು ಮೆತ್ತಿ ಅಂಟಿಸಿದ್ದೇನೆ:
ಸಂತೆ, ಶಾಲೆ, ಮೀನಿನ ದೋಣಿ, ಮಳೆ, ಮನೆ.
ಒಂದೊಂದಕ್ಕೂ ತುಳುವಿನಲ್ಲಿ ಐದು ವಾಕ್ಯ.
ತಡವರಿಸಿದರೆ ಅರ್ಧ ಅಂಕ ಹೋಯಿತು.

ಮಳೆ ಸುಲಭ. ಬರ್ಸ ಬರ್ಪುಂಡು.
ಮಾರ್ಚಿನ ಸೆಕೆಯಲ್ಲಿ ಬೆವರೊರೆಸುತ್ತ ಹೇಳಿದರೂ
ನಂಬಲೇಬೇಕು, ಪರೀಕ್ಷೆ ಅಂದಮೇಲೆ.

ದೋಣಿಗೆ ಸಫ್ವಾನ್ ಮೀನು ತುಂಬಿಸಿಕೊಟ್ಟ:
ಬಂಗುಡೆ, ಬೂತಾಯಿ, ಕಾಣೆ.
ಕಾಣೆ ಅಂದರೆ ಕಳೆದುಹೋದದ್ದಲ್ಲವಂತೆ,
ಹುರಿದು ತಿನ್ನುವಂಥದ್ದು.
ಅವನ ಮನೆಯಲ್ಲಿ ಬ್ಯಾರಿ, ಜೋಸ್ಲಿನ್ ಮನೆಯಲ್ಲಿ ಕೊಂಕಣಿ,
ಲಗೋರಿಯಲ್ಲಿ ಔಟೋ ಅಲ್ಲವೋ ಎಂಬ ಜಗಳ ಮಾತ್ರ
ಇಬ್ಬರದೂ ತುಳುವಿನಲ್ಲೇ.
ನಾನು ಚೆಂಡು ಹೆಕ್ಕುತ್ತ ಕೇಳಿಸಿಕೊಂಡು ಕಲಿತೆ,
ಬೈಗುಳ ಮೊದಲು, ಮಿಕ್ಕದ್ದು ಆಮೇಲೆ.

ಮನೆಯ ಹತ್ತಿರ ಬಂದಾಗ ನಾಲಿಗೆ ಎಡವುತ್ತದೆ.
ತುಳುವಿನಲ್ಲಿ ಮನೆಗೆ ಇಲ್ಲ್.
ಕೊನೆಯ ಉಕಾರವನ್ನು ಪೂರ್ತಿ ನುಂಗಬಾರದು, ಪೂರ್ತಿ ಉಗುಳಲೂಬಾರದು,
ಹೊಸ್ತಿಲ ಮೇಲೆ ನಿಂತ ಹಾಗೆ ಅರ್ಧಕ್ಕೇ ನಿಲ್ಲಿಸಬೇಕು.
ನಾನು ಅಂದರೆ ಅದು ಇಲ್ಲ ಆಗಿಬಿಡುತ್ತದೆ.
ಇಲ್ಲ್ ಓಲು? ಮನೆ ಎಲ್ಲಿ, ಎಂದರು ಟೀಚರು.
ಇಲ್ಲ, ಅಂದೆ.
ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.
ಇಲ್ಲ ಅನ್ನಬೇಕಾದರೆ ಇಲ್ಲಿ ಇಜ್ಜಿ ಅನ್ನಬೇಕು.

ಚಿತ್ರದಲ್ಲಿ ಹೆಂಚಿನ ಮಾಡು, ತುಳಸಿಕಟ್ಟೆ, ಮಲಗಿದ ಬೆಕ್ಕು.
ನಮ್ಮದು ಬಿಲ್ಡಿಂಗು ಮುಗಿಯುವ ತನಕ.
ಲಿಫ್ಟು ಬಂತೆಂದರೆ ನಾವು ಎದ್ದೆವು.

ಅಪ್ಪೆ ಅಂದರೆ ಅವ್ವ. ಅಮ್ಮೆ ಅಂದರೆ ಅಪ್ಪ.
ತಪ್ಪು ಬರೆದದ್ದಲ್ಲ, ಇಲ್ಲಿ ಹಾಗೇ.
ನಮ್ಮಲ್ಲಿ ಎರಡೂ ಒಬ್ಬಳೇ ಆದ್ದರಿಂದ
ಹೇಗಂದರೂ ಅಂಕ ಕೊಡಬೇಕು.

ಅವಳು ಬಂದಾಗ ಒಂಬತ್ತು. ಕೂದಲಲ್ಲಿ ಸಿಮೆಂಟು.
"ನನ್ನ ಕೇಳ, ಹನ್ನೊಂದು ವರ್ಷದಿಂದ ಇದ ಸಾಲ್ಯಾಗ ಅದೀನಿ."
ಅವಳ ತುಳು ಇಷ್ಟು: ಬಲ. ಪೋಲ. ದೆರ್ಪು. ದೀಲ. ಬೇಗ ಮಲ್ಪು.
ಬಾ, ಹೋಗು, ಎತ್ತು, ಇಡು, ಬೇಗ ಮಾಡು.
ಮತ್ತೆ ಕೆಂಪುಕಲ್ಲಿನ ಲೆಕ್ಕ,
ಒಂಜಿ, ರಡ್ಡ್, ಮೂಜಿ, ನೂರರ ತನಕ ಸರಾಗ.
ನನ್ನ ನೋಟ್ಸಿನಲ್ಲಿ ಇದು ವಿಧ್ಯರ್ಥ, ಒಂದು ಪುಟ.
ಅವಳಿಗೆ ಸಿಕ್ಕಿದ್ದು ಆ ಪುಟ ಒಂದೇ.

ಆದರೆ ನನಗೆ ಬಾರದ ಆ ಅರ್ಧ ಉಕಾರ
ಅವಳ ಬಾಯಲ್ಲಿ ತಾನಾಗಿ ಕೂತಿದೆ: ಕಲ್ಲ್, ರಡ್ಡ್, ಇಲ್ಲ್.
ಹೆಂಗ ಬೇ?
"ತಲಿ ಮ್ಯಾಲೆ ಬುಟ್ಟಿ ಇದ್ದಾಗ
ಬಾಯಿ ಪೂರಾ ತೆರಿಯಾಕ ಬರೂದಿಲ್ಲ. ಹಂಗ ಅನ್ನು."
ಮೂರು ಪುಸ್ತಕ ತಲೆಯ ಮೇಲಿಟ್ಟುಕೊಂಡು ಅಂದೆ.
ಬಂತು.

ಈಗ ನೀನು ಪ್ರಶ್ನೆ ಕೇಳು, ನಾನು ಉತ್ತರಿಸುತ್ತೇನೆ, ಅಂದೆ.
ಕೇಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.
ಸರಿ, ತೋರಿಸುತ್ತೇನೆಂದು
ಟೀಚರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತೆ.
ಪರೀಕ್ಷೆಯಲ್ಲಿ ನೀನು ಅನ್ನುವಂತಿಲ್ಲ, ತಾವು ಅನ್ನಬೇಕು:
ಇರೆನ ಪುದರ್ ದಾದ?

ಅವ್ವ ತಿರುಗಿ ಬಾಗಿಲ ಕಡೆ ನೋಡಿದಳು,
ಮೇಸ್ತ್ರಿ ಬಂದನೇನೋ ಅಂತ.
ನಿನಗೇ ಬೇ, ತಮ್ಮ ಹೆಸರೇನು?
ಸೆರಗಿಗೆ ಕೈ ಒರೆಸಿದಳು. ಮತ್ತೊಮ್ಮೆ ಒರೆಸಿದಳು.
ಎನ್ನ ಪುದರ್, ಅಂದು ನಿಂತಳು,
ಎನ್ನ ಪುದರ್ ಹುಲಿಗೆವ್ವ.

ನಾನು ಅಂಕ ಕಳೆಯಲಿಲ್ಲ.
ಪಟ್ಟಿಯಲ್ಲಿ ಮುಂದಿನ ಪ್ರಶ್ನೆ ಇಲ್ಲ್ ಓಲು.
ಅದನ್ನು ಹಾರಿಸಿ ಕೇಳಿದೆ,
ಇರೆನ ವನಸ್ ಆಂಡಾ?
ಇಜ್ಜಿ, ಅಂದಳು, ಒಂಚೂರೂ ತಡವರಿಸದೆ,
ತಾಟು ಎಳೆದುಕೊಳ್ಳುತ್ತ.