ಅರ್ಧ ಇಂಚು

ಶ್ರೀರಾಮಪುರದ ಏಳನೇ ಕ್ರಾಸಿನಲ್ಲಿ
ಹದಿನೆಂಟು ವರ್ಷದಿಂದ ರವಿಕೆ ಹೊಲಿಯುತ್ತೇನೆ.
ಕೇಳಲಿ ಬಿಡಲಿ, ಪಕ್ಕದ ಹೊಲಿಗೆಯೊಳಗೆ
ಅರ್ಧ ಇಂಚು ಬಟ್ಟೆ ಮಡಿಸಿಟ್ಟಿರುತ್ತೇನೆ.
ದೀಪಾವಳಿಗೆ ಹೊಲಿಸಿದವರು ಯುಗಾದಿಗೆ ವಾಪಸ್ ಬರುತ್ತಾರೆ,
"ಸ್ವಲ್ಪ ಬಿಚ್ಚಿಕೊಡು ಕೋಮಲಾ", ದನಿ ತಗ್ಗಿಸಿ,
ಕದ್ದ ಮಾಲು ಮಾರಲು ಬಂದವರ ಹಾಗೆ.

ನನ್ನದೂ ನಾಲ್ಕು ಸಲ ಬಿಚ್ಚಿಯಾಗಿದೆ.
ಇನ್ನು ಬಿಚ್ಚಲು ಬಟ್ಟೆಯಿಲ್ಲ.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು.
ತೊಂಬತ್ತೆಂಟು. ಉಸಿರಿಗೇನೂ ಕೊರತೆಯಿಲ್ಲ ಎಂದರು.
ಹೊಕ್ಕುಳ ಪಕ್ಕ ಮರಗಟ್ಟಿಸಿ, ದಬ್ಬಳದಂಥ ಸೂಜಿಯಲ್ಲಿ
ಅವರೆಕಾಳಿನಷ್ಟು ಕೊಬ್ಬು ತೆಗೆದರು, ಸಂಶೋಧನೆಗೆ.
ಬಸ್ ಚಾರ್ಜು ಕೊಟ್ಟರು, ಒಂದು ಬಾಳೆಹಣ್ಣೂ.

ಮುಂದಿನ ವಾರ ಇಂಚರ ಅನ್ನೋ ಹುಡುಗಿ
ಮೈಕ್ರೋಸ್ಕೋಪಿನ ಮುಂದೆ ಸ್ಟೂಲ್ ಎಳೆದಳು.
"ನೋಡಿ ಆಂಟಿ, ಇದು ನೀವು."

ಬೆಣ್ಣೆಯ ಮುದ್ದೆ ಎಂದುಕೊಂಡಿದ್ದೆ.
ಅಲ್ಲಿದ್ದದ್ದು ಗುಲಾಬಿ ದಾರದ ಕ್ರೋಶಾ,
ಒಂದೊಂದು ಕಣ್ಣೂ ಹಿಗ್ಗಿ, ದಾರ ಸವೆದು,
ಇನ್ನೇನು ಪರ್ರೆನ್ನುವ ಹಾಗೆ.

ರಕ್ತದ ಗಲ್ಲಿ ಹಳೆಯದೇ, ಮನೆಗಳು ಉಬ್ಬಿವೆ ಎಂದಳು.
ತಟ್ಟನೆ ತಿಳಿಯಿತು ನನಗೆ: ನಮ್ಮ ಕ್ರಾಸೇ.
ಇಪ್ಪತ್ತು ಮೂವತ್ತರ ಸೈಟಿನ ಮೇಲೆ ಐದು ಮಹಡಿ,
ಟ್ಯಾಂಕರಿನ ಪೈಪು ಬಾವಾಜಾನ್ ಮೆಟ್ಟಿಲಿಗೇ ಮುಗಿಯುತ್ತದೆ,
ಆಚೆಯವರು ಬಿಂದಿಗೆ ಹಿಡಿದು ಕೂಗುತ್ತಾರೆ.
ಗಾಳಿ ಸಾಲದ ಕೋಶವೂ ಕೂಗುತ್ತದಂತೆ.
ಕೂಗಿಗೆ ಜನ ಸೇರುತ್ತಾರೆ:
ಸತ್ತ ಒಂದು ಕಣ್ಣಿನ ಸುತ್ತ ನೀಲಿ ಚುಕ್ಕೆಗಳು,
ಸಾವಿನ ಮನೆ ಮುಂದಿನ ಪ್ಲಾಸ್ಟಿಕ್ ಕುರ್ಚಿಗಳ ಹಾಗೆ.
ಬಂದವರು ಸುಮ್ಮನೆ ಕೂರುವುದಿಲ್ಲ, ಉರಿ ಹಚ್ಚುತ್ತಾರೆ.
ಆ ಗದ್ದಲದಲ್ಲಿ ಇನ್ಸುಲಿನ್ ಬಂದು ಬಾಗಿಲು ತಟ್ಟಿದರೆ
ಯಾರಿಗೂ ಕೇಳಿಸುವುದಿಲ್ಲ.

"ದಪ್ಪಗಿರೋರಿಗೆಲ್ಲ ಹೀಗೇನಾ?"
"ಗೊತ್ತಿಲ್ಲ ಆಂಟಿ. ಇಲಿಗಳಲ್ಲಿ ಹೌದು.
ಮನುಷ್ಯರ ವಿಷಯದಲ್ಲಿ ಇನ್ನೂ ಜಗಳ ನಡೀತಿದೆ."
ಗೊತ್ತಿಲ್ಲ ಎಂದ ಮೊದಲ ಡಾಕ್ಟರು ಇವಳು.
ಉಳಿದವರಿಗೆಲ್ಲ ಗೊತ್ತಿತ್ತು: ಬಾಯಿ ಕಟ್ಟು.

ಮೆಜೆಸ್ಟಿಕ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು.
ಪಕ್ಕದವಳು ನನ್ನ ಸೊಂಟ ನೋಡಿ ಅತ್ತ ಸರಿದಳು.
ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗೆಲ್ಲ
ನನ್ನ ಉಸಿರು ಕದಿಯುವ ಮೂಟೆ ಎಂದು
ಇದನ್ನೇ ಬೈದಿದ್ದೆ, ಇಷ್ಟು ವರ್ಷ.
ಇದಕ್ಕೇ ಉಸಿರಿಲ್ಲವಂತೆ,
ನನ್ನೊಳಗೇ ಇದ್ದು, ಆ ತೊಂಬತ್ತೆಂಟರ ನಡುವೆ.

ಸೆರಗಿನಡಿ ಕೈಯಿಟ್ಟೆ. ಸೂಜಿಯ ಜಾಗ ಇನ್ನೂ ನೋಯುತ್ತಿತ್ತು.
ಕಿಟಕಿಯ ಗಾಜು ತುಕ್ಕಿಗೆ ಕಚ್ಚಿಕೊಂಡಿತ್ತು.
ಎರಡೂ ಕೈಯಲ್ಲಿ ಎಳೆದೆ,
ಅರ್ಧ ಇಂಚು ಬಂತು.