ಪುಟ ನಲವತ್ತೊಂದು, ಎರಡನೆಯ ಸಾಲು

ಔಲುವಿನಲ್ಲಿ ಡಿಸೆಂಬರಿನ ಗುರುವಾರ, ಎರಡೂವರೆಗೇ ಕತ್ತಲು.
ವಸತಿ ಕಟ್ಟಡದ ನೆಲಮಾಳಿಗೆ, ಸೈಕಲ್ ಇಡುವ ಕೋಣೆಯ ಪಕ್ಕ.
ಗೋಡೆಯಾಚೆ ಯಾರದೋ ಬಟ್ಟೆ ಒಗೆಯುವ ಯಂತ್ರ
ನಮ್ಮ ಯುದ್ಧಕ್ಕೆ ನಗಾರಿ ಬಾರಿಸುತ್ತಿತ್ತು.
ಮೇಜಿನ ಮೇಲೆ ಏಲಕ್ಕಿ ಬನ್ನು, ಹದಿನಾಲ್ಕು ದಾಳ,
ಬೆಂಕಿಕಡ್ಡಿ ಅಂಟಿಸಿ ಮೂರು ವಾರ ಕಟ್ಟಿದ
ನನ್ನ ಗೋಪುರ.

ಐದು ಜನ ಮಾಂತ್ರಿಕರು ನಾವು.
ಹಗಲು ಹೊತ್ತು ರೈಯಾ ಬಸ್ಸು ಓಡಿಸುತ್ತಾಳೆ,
ತೌನೊ ಹಲ್ಲು ಕೀಳುತ್ತಾನೆ,
ಹಿಲ್ಕಾ ಜಿಲ್ಲಾ ಕೋರ್ಟಿನ ಗುಮಾಸ್ತೆ,
ಹಾಗಾಗಿ ಆಟದ ಯಜಮಾನಿಕೆ ಅವಳದೇ.
ಸಾಂಪ್ಸಾ ಗ್ರಂಥಾಲಯದಲ್ಲಿ ವಾಪಸು ಬಂದ ಪುಸ್ತಕ ಜೋಡಿಸುತ್ತಾನೆ,
ಮಾತು ಬೇಡದ ಕೆಲಸ.
ನಾನು ವಿಮೆ ಕಂಪನಿಯವ. ಅರ್ಜಿ ಓದಿ,
ಯಾವ ಪದದ ಕೆಳಗೆ ಹಣ ಉಳಿಯುತ್ತದೆಂದು ಹುಡುಕುವವ.

ಆ ಸಂಜೆ ಸಾಂಪ್ಸಾನ ಒಂಟಿಗಣ್ಣಿನ ಮುದುಕಿ
ನನ್ನ ಗೋಪುರದ ಬುಡಕ್ಕೇ ಬಂದು ನಿಂತಿದ್ದಳು.
ಮಂತ್ರವನ್ನು ಬಾಯಿಬಿಟ್ಟು ಹೇಳಬೇಕು, ಅದು ಆಟದ ಕಟ್ಟಳೆ.
ಅವನು ಬಾಯಿ ತೆರೆದ.
ಮೊದಲಕ್ಷರ ಬಂತು.
ಮತ್ತೆ ಅದೇ ಬಂತು.
ಮತ್ತೆ ಅದೇ.
ಆಮೇಲೆ ಅದೂ ಬರಲಿಲ್ಲ. ಕತ್ತಿನ ನರ ಬಿಗಿದು,
ಕಣ್ಣು ಸೂರಿನ ಕೊಳವೆಯ ಮೇಲೆ ನೆಟ್ಟು,
ಒಳಗೆ ಯಾವುದೋ ಬಾಗಿಲಿಗೆ ಹೆಗಲು ಕೊಟ್ಟು ನೂಕುವವನ ಹಾಗೆ.

ನನ್ನ ಬೆರಳು ತಾನಾಗಿ ಪುಟಕ್ಕೆ ಹೋಯಿತು.
"ಮಾತು ತುಂಡಾದರೆ ಮಂತ್ರ ವ್ಯರ್ಥ."
ಓದಿ ಮುಗಿಸುವಾಗ ಕಿವಿ ಬಿಸಿಯಾಗಿತ್ತು.
ಬೆರಳು ಮಾತ್ರ ತೆಗೆಯಲಿಲ್ಲ.

ಥೂ, ಎಂದಳು ರೈಯಾ, ನೀನೂ ಒಬ್ಬ ಮನುಷ್ಯನಾ?
ತಡಿ, ಎಂದಳು ಹಿಲ್ಕಾ, ತುಂಡು ಮಾಡಿದ್ದು ಯಾರು?
ಬಾಣವೋ ಬೆಂಕಿಯೋ ವೈರಿಯ ಕೈಯೋ ಒಂದು ಬೇಕಲ್ಲ.
ಕರ್ತೃವೇ ಇಲ್ಲದೆ ಶಿಕ್ಷೆ ಯಾರಿಗೆ?
ತೌನೊ ಕನ್ನಡಕ ಒರೆಸಿದ:
ತುಂಡರಿಸಿದರೆ ಅಂತ ಬರೆದಿಲ್ಲ, ತುಂಡಾದರೆ ಅಂತಿದೆ.
ಹಗ್ಗ ತಾನೇ ತುಂಡಾಗುತ್ತದೆ. ಹಲ್ಲೂ ಅಷ್ಟೆ,
ಬ್ರೆಡ್ಡು ಕಚ್ಚುವಾಗ. ನಾನು ದಿನಾ ನೋಡುತ್ತೇನೆ.

ಒಂದು ಪ್ರತ್ಯಯದ ಮೇಲೆ ನಾಲ್ವರು ಕತ್ತಿ ಹಿರಿದು ನಿಂತೆವು.
ಆಚೆ ಯಂತ್ರ ನೀರು ಕಕ್ಕಿತು. ಕಾಫಿ ಆರಿತು.
ಯಾರೂ ಸಾಂಪ್ಸಾನ ಕಡೆ ನೋಡಲಿಲ್ಲ.
ನೋಡದಿರುವುದೂ ಅಷ್ಟು ಸದ್ದು ಮಾಡುತ್ತದೆಂದು
ನನಗೆ ಗೊತ್ತಿರಲಿಲ್ಲ.

ಕೊನೆಗೆ ಹಿಲ್ಕಾ: ಮಂತ್ರ ಊರ್ಜಿತ.
ಇನ್ನೊಮ್ಮೆ ಹೇಳಬೇಕಾಗಿಲ್ಲ, ದಾಳ ಹಾಕಿದರೆ ಸಾಕು.
ರೋಗಿಯ ತಲೆದಿಂಬು ಸರಿಮಾಡುವಾಗಿನ ದನಿ ಅದು.

ಸಾಂಪ್ಸಾ ದಾಳ ಮುಟ್ಟಲಿಲ್ಲ.
ಪುಸ್ತಕವನ್ನು ನನ್ನ ಬೆರಳಿನಡಿಯಿಂದ ಎಳೆದುಕೊಂಡ,
ಹಾಳೆ ಮಗುಚಿದ, ಐವತ್ತು, ಐವತ್ತೆಂಟು, ಅರವತ್ತಮೂರು,
ಪೆನ್ಸಿಲಿನಲ್ಲಿ ಗೀಟೆಳೆದು ನನ್ನ ಮುಂದಕ್ಕೇ ತಳ್ಳಿದ.
"ಬಾಯಲ್ಲಿ ನಿಂತ ಮಂತ್ರಕ್ಕೆ
ನಿಂತಷ್ಟು ಎಣಿಕೆಗೆ ಒಂದೊಂದು ದಾಳ ಹೆಚ್ಚು."

ನಿಲ್ಲಿಸಿದ್ದು ಯಾರೆಂದು ಅಲ್ಲೂ ಬರೆದಿರಲಿಲ್ಲ.

ಅವನು ಎಣಿಸಿಕೊಂಡಿದ್ದ. ಅಷ್ಟು ಹೊತ್ತೂ, ಕೊಳವೆ ನೋಡುತ್ತಾ.
ಹ, ಎಂದ. ಹ. ಹನ್ನೊಂದು.
ಹೇಳಿ ಮುಗಿಸಿ, ಸ್ವಲ್ಪ ಯೋಚಿಸಿ,
ಹನ್ನೆರಡು, ಎಂದು ತಿದ್ದಿಕೊಂಡ.
ರೈಯಾಳ ಮೂಗಿನಿಂದ ಕಾಫಿ ಬಂತು.
ಮೇಜಿನಲ್ಲಿ ನನ್ನ ಪಾಲಿಗೆ ಉಳಿದದ್ದು ಎರಡು ದಾಳ,
ಅದರಲ್ಲೊಂದು ಬಿರುಕು ಬಿಟ್ಟದ್ದು.

ಮೂರು ವಾರದ ಗೋಪುರ, ಒಂದೇ ಎಸೆತ.

ರಾತ್ರಿ ಹೊರಗೆ ಕಾಗದ ಕಾರ್ಖಾನೆಯ ವಾಸನೆ,
ಹಿಮ ತುಳಿದರೆ ಅವಲಕ್ಕಿ ಜಗಿದ ಸದ್ದು.
ಸೈಕಲ್ಲಿನ ಸೀಟು ಒರೆಸುವಾಗ ತಟ್ಟನೆ ಹೊಳೆಯಿತು:
ನಿಂತ ಮಂತ್ರ ಬೇರೆ, ನಿಂತುಹೋದ ಮಂತ್ರ ಬೇರೆ!
ತಿರುಗಿ ನೋಡಿದೆ. ಅವನ ಕೆಂಪು ದೀಪ ಆಗಲೇ ಸೇತುವೆ ದಾಟಿ
ಬಲಕ್ಕೆ ಹೊರಳುತ್ತಿತ್ತು.

ಇರಲಿ. ಮುಂದಿನ ಗುರುವಾರ.
ಜೇಬಿನಲ್ಲಿ ಅರ್ಧ ಬನ್ನು ಇದೆ,
ಅರವತ್ತಮೂರನೆಯ ಪುಟಕ್ಕೆ ಒಂದು ಆಕ್ಷೇಪಣೆ ಇದೆ.